ಕಿವಿ ಮುಟ್ಟಿಸುತ್ತಿದ್ದ ಈಶಪ್ಪ ಮಾಸ್ತರ

ಈಶಪ್ಪ ತೀರಿಕೊಂಡ ವಾರದಲ್ಲಿ ಕೊರ್ಲಹಳ್ಳಿಯ ಶಾಲೆಯಲ್ಲಿ ಒಂದು ಸಣ್ಣ ಸಭೆ ಮಾಡಿದರು. ಈಗಿನ ಮುಖ್ಯಾಧ್ಯಾಪಕರು ಅವನನ್ನು ಕಂಡದ್ದು ಅವನ ಮುಪ್ಪಿನಲ್ಲಿ. "ನಿಯಮವನ್ನು ಎಂದೂ ಮುರಿಯದ ಶಿಕ್ಷಕರು" ಎಂದು ಹೇಳಿ ಕುಳಿತರು. ಜನ ತಲೆಯಾಡಿಸಿದರು. ಮಾತು ಸುಳ್ಳಲ್ಲ. ಆದರೆ ನಿಯಮ ಮುರಿಯಬಾರದೆಂದು ಅವನು ಏನೆಲ್ಲ ಮಾಡಿದ ಎಂಬುದು ಅದರಲ್ಲಿ ಇರಲಿಲ್ಲ. ಒಬ್ಬ ಹುಡುಗಿಯನ್ನು ಒಂದನೆಯ ಇಯತ್ತೆಗೆ ಸೇರಿಸಿಕೊಳ್ಳಲು ಅವನು ಹೊಳೆ ದಾಟಿದ, ಹೊಸದೊಂದು ಬಳಗ ಕಟ್ಟಿಕೊಂಡ, ಒಂದು ವರ್ಷ ಬರಿದಲೆಯಲ್ಲಿ ಓಡಾಡಿದ. ಇದನ್ನು ಬರೆದಿಡದಿದ್ದರೆ ನನ್ನ ಗೆಳೆಯ ಬರೀ ಶಿಸ್ತಿನ ಮನುಷ್ಯನಾಗಿ ಉಳಿದುಬಿಡುತ್ತಾನೆ.

ಅವನು ಬೆಳ್ಳಟ್ಟಿಯವನು. ಮುಂಡರಗಿಯಲ್ಲಿ ಇಬ್ಬರೂ ಒಂದೇ ಬೆಂಚಿನಲ್ಲಿ ಕೂತು ಮುಲ್ಕಿ ಪರೀಕ್ಷೆ ಮುಗಿಸಿದೆವು. ಆಗ ಏಳನೆಯ ಇಯತ್ತೆಯ ಆ ಪರೀಕ್ಷೆ ಪಾಸಾದರೆ ಮಾಸ್ತರಿಕೆ ಸಿಗುತ್ತಿತ್ತು. ಕೆಲವು ವರ್ಷಗಳ ನಂತರ ಕೊರ್ಲಹಳ್ಳಿಯ ಎರಡು ಮಾಸ್ತರರ ಶಾಲೆಯಲ್ಲಿ ಮತ್ತೆ ಜೊತೆಯಾದೆವು. ಅವನು ಹಿರಿಯ ಮಾಸ್ತರ, ನಾನು ಕೈಕೆಳಗಿನವ. ಎತ್ತರದ ಆಳು, ಉದ್ದ ಮೂಗು, ತಲೆಯ ಮೇಲೆ ಬಿಳಿ ಟೊಪ್ಪಿಗೆ. ಆ ಟೊಪ್ಪಿಗೆಯನ್ನು ದಿನಾ ಒಗೆದು ನೀಲಿ ಹಾಕಿ, ಮಡಿಕೆ ಕೂರಲೆಂದು ಹಾಸಿಗೆಯ ಕೆಳಗೆ ಇಟ್ಟು ಮಲಗುತ್ತಿದ್ದ. ಟೊಪ್ಪಿಗೆ ಇಲ್ಲದ ಮಾಸ್ತರನಿಗೆ ಹುಡುಗರು ಹೆದರುವುದಿಲ್ಲ ಎಂಬುದು ಅವನ ನಂಬಿಕೆ. ಟೊಪ್ಪಿಗೆ ಇದ್ದಾಗಲೂ ಯಾರೂ ಹೆದರುತ್ತಿರಲಿಲ್ಲ, ಅದು ಬೇರೆ ಮಾತು.

ಜೂನಿನಲ್ಲಿ ಶಾಲೆ ತೆರೆಯುವ ದಿನ ಅವನಿಗೆ ಹಬ್ಬ. ಹಿಂದಿನ ದಿನವೇ ದೊಡ್ಡ ಹುಡುಗಿಯರು ಬಂದು ನೆಲ ಸಾರಿಸುತ್ತಿದ್ದರು. ಬೆಳಿಗ್ಗೆ ಹೊಸ ಮಕ್ಕಳು ಬರೆಯುವ ಪಾಟಿಗೆ ಕುಂಕುಮ ಹಚ್ಚಿಸಿಕೊಂಡು, ಅಂಗೈಯಲ್ಲಿ ಬೆಲ್ಲದ ಚೂರು ಹಿಡಿದುಕೊಂಡು ಬೇವಿನ ಮರದ ಕೆಳಗೆ ನಿಲ್ಲುತ್ತಿದ್ದವು. ಹಳ್ಳಿಯಲ್ಲಿ ಯಾರ ಮಕ್ಕಳಿಗೂ ಹುಟ್ಟಿದ ತಾರೀಖು ಗೊತ್ತಿರುತ್ತಿರಲಿಲ್ಲ. ನಮ್ಮ ಎಮ್ಮೆ ಸತ್ತ ವರ್ಷ, ಹೊಳೆ ಗುಡಿಯ ಮೆಟ್ಟಿಲಿಗೆ ಬಂದ ವರ್ಷ ಎಂದು ಹೇಳುವರು. ಅದಕ್ಕಾಗಿ ಸುತ್ತಿನ ಮಾಸ್ತರರೆಲ್ಲ ಮಾಡುವುದನ್ನೇ ನಾವೂ ಮಾಡುತ್ತಿದ್ದೆವು. ಮಗು ಬಲಗೈಯನ್ನು ನೆತ್ತಿಯ ಮೇಲಿಂದ ತಂದು ಎಡಗಿವಿ ಮುಟ್ಟಬೇಕು. ಮುಟ್ಟಿದರೆ ಶಾಲೆಗೆ ಬರುವ ವಯಸ್ಸಾಗಿದೆ ಎಂದರ್ಥ. ಮುಟ್ಟದಿದ್ದರೆ ಬರುವ ವರ್ಷ.

ಬೇರೆ ಊರುಗಳಲ್ಲಿ ಮಾಸ್ತರರು ತಂದೆಯ ಮುಖ ನೋಡಿ ಮಗುವಿನ ಕೈಯನ್ನು ಸ್ವಲ್ಪ ಎಳೆದು ಮುಟ್ಟಿಸುವುದುಂಟು. ಈಶಪ್ಪ ಈ ಪರೀಕ್ಷೆಯನ್ನು ಊರೆಲ್ಲ ಕೂತಿರುವಾಗ ಬಯಲಿನಲ್ಲಿ ಮಾಡುತ್ತಿದ್ದ, ಮಗುವಿಗೆ ಕೈ ಹಚ್ಚುತ್ತಿರಲಿಲ್ಲ. ಸಾವಿರದ ಒಂಬೈನೂರ ಐವತ್ತಾರರ ಜೂನಿನಲ್ಲಿ ಊರ ಗೌಡ ಪುಂಡಲೀಕಪ್ಪನವರ ಮೊಮ್ಮಗನ ಬೆರಳು ಕಿವಿಯ ಹತ್ತಿರ ಬಂದು ನಿಂತುಬಿಟ್ಟಿತು. ಗೌಡರು ಮೆಲ್ಲಗೆ ಹುಡುಗನ ತಲೆಯನ್ನು ವಾಲಿಸಹೋದರು.

"ಗೌಡ್ರ, ಕೂಸಿನ ಕುತಿಗಿ ಸೊಟ್ಟ ಮಾಡಬ್ಯಾಡ್ರಿ," ಎಂದ ಈಶಪ್ಪ. "ಬರು ವರ್ಷ ತಾನ ಮುಟ್ಟತಾನ."

ಗೌಡರು ಮೊಮ್ಮಗನನ್ನು ಎತ್ತಿಕೊಂಡು ಹೋದರು. ಗೌಡರ ಮನೆಯ ಹುಡುಗನನ್ನೇ ತಿರುಗಿ ಕಳಿಸಿದ ಮಾಸ್ತರ ಎಂದು ಊರು ಮಳೆಗಾಲವಿಡೀ ಆಡಿಕೊಂಡಿತು. ಅದೇ ದಿನ ಇನ್ನೊಂದು ಮಗುವೂ ತಿರುಗಿ ಹೋಗಿತ್ತು. ಹರಿಗೋಲು ಹಾಕುವ ಮೂಕಪ್ಪನ ಮಗಳು ಉಡಚವ್ವ. ಅವಳ ಬಗ್ಗೆ ಯಾರೂ ಮಾತಾಡಲಿಲ್ಲ.

ಆ ನವೆಂಬರಿನಲ್ಲಿ ಏಕೀಕರಣವಾಯಿತು. ಅಲ್ಲಿಯವರೆಗೆ ನಾವು ಮುಂಬಯಿ ರಾಜ್ಯದವರು. ಹೊಳೆಯ ಆಚೆ ದಂಡೆ ಮೊದಲು ಮದರಾಸಿಗೆ, ಆಮೇಲೆ ಮೈಸೂರಿಗೆ ಸೇರಿತ್ತು. ಆಚೆಯವರೂ ಈಚೆಯವರೂ ಆಡುವುದು ಒಂದೇ ಮಾತು, ಕೊಟ್ಟು ತಂದ ಸಂಬಂಧ, ಆದರೂ ನಡುವೆ ಗಡಿ. ಆ ದಿನ ಮಕ್ಕಳಿಗೆ ಬೆಲ್ಲ ಪುಠಾಣಿ ಹಂಚಿ ಊರು ಸುತ್ತಿಸಿ ಹೊಳೆಯ ತನಕ ಕರೆದೊಯ್ದೆವು. ಸಾಲಿನ ಕೊನೆಗೆ, ಶಾಲೆಗೆ ಸೇರದ ಉಡಚವ್ವನೂ ಕೋಲಿಗೆ ಚಿಂದಿ ಕಟ್ಟಿಕೊಂಡು ಬಂದಳು.

ಮುಂದಿನ ಜೂನಿನಲ್ಲಿ ಗೌಡರ ಮೊಮ್ಮಗ ಸಲೀಸಾಗಿ ಕಿವಿ ಮುಟ್ಟಿದ. ಗೌಡರು ಎಲೆಅಡಿಕೆ ಹಾಕಿಕೊಂಡು ಕಟ್ಟೆಯ ಮೇಲೆ ಕುಳಿತರು. ಆಮೇಲೆ ಉಡಚವ್ವ ಬಂದಳು. ವಯಸ್ಸು ಏಳೋ ಎಂಟೋ. ಉದ್ದವಾಗಿದ್ದಳು, ಚುರುಕಾಗಿದ್ದಳು. ಆದರೆ ಅವಳ ತಲೆಯ ಮೇಲೆ ಹುಟ್ಟಿದಾಗಿನಿಂದ ಕತ್ತರಿ ಕಾಣದ ಕೂದಲು ಗಂಟುಗಂಟಾಗಿ, ಸಿಂಬಿಯ ಹಾಗೆ ಸುತ್ತಿ ನಿಂತಿತ್ತು. ಅದು ಜವಳ. ಮಗುವಿನ ಮೊದಲ ಕೂದಲು, ಹೊಳೆಯ ದೇವಿ ಗಂಗವ್ವನಿಗೆ ಹರಕೆ ಹೊತ್ತದ್ದು. ಅದನ್ನು ತೆಗೆಸುವ ದಿನ ಬರುವ ತನಕ ಬಾಚುವಂತಿಲ್ಲ, ಒತ್ತುವಂತಿಲ್ಲ. ಹುಡುಗಿ ಕೈ ಎತ್ತಿದಳು. ಕೈ ಆ ಗುಡ್ಡ ಹತ್ತಿ ಇಳಿಯಲಾರದೆ ಅಲ್ಲೇ ಕುಳಿತಿತು. ತುದಿಗಾಲಲ್ಲಿ ನಿಂತಳು, ತುದಿಗಾಲಿಗೂ ಕಿವಿಗೂ ಸಂಬಂಧವಿಲ್ಲದಿದ್ದರೂ.

"ಮಾಸ್ತರ್ರ, ಕೈಯೂ ನಂದ, ಕಿವಿನೂ ನಂದ," ಎಂದಳು. "ನಡುವ ಈ ಗಂಟ ಕುಂತೈತಿ. ನಾ ಏನ ಮಾಡ್ಲಿ?"

ಜನ ನಕ್ಕರು. ಗೌಡರು ಕಟ್ಟೆಯಿಂದಲೇ ಕೇಳಿದರು: "ಏನ ಮಾಸ್ತರ್ರ, ಕೂದಲಿಗೆ ಬ್ಯಾರೆ ಕಾಯದೆ ಐತೇನ?"

ಈಶಪ್ಪ ಟೊಪ್ಪಿಗೆ ತೆಗೆದು ಮತ್ತೆ ಹಾಕಿಕೊಂಡ. "ಬರು ವರ್ಷ ನೋಡೂಣು ಬೇ ತಂಗಿ" ಎಂದು ಶುರುಮಾಡಿದ. ಹುಡುಗಿಯ ತಾಯಿ ಅಮೃತವ್ವ ಸೆರಗು ಬಾಯಿಗೆ ಹಿಡಿದುಕೊಂಡು ಹತ್ತಿರ ಬಂದಳು.

"ಬರು ವರ್ಷ ಇಕಿ ಇಲ್ಲಿ ಇರಂಗಿಲ್ರಿ. ಮಣ್ಣೆತ್ತಿನ ಅಮಾಸಿಗೆ ನಮ್ಮ ನಾದಿನಿ ಬರ್ತಾಳ. ಆಕಿ ಕೂಸಿನ ತೊಟ್ಟಿಲಾ ತೂಗಾಕ ಇಕಿನ್ನ ಕರ್ಕೊಂಡ ಹೊಕ್ಕಾಳ. ಸಾಲ್ಯಾಗ ಹೆಸರ ಹತ್ತಿದ್ರ ಬಿಡತೀನಿ ಅಂದಾಳ, ಇಲ್ಲಂದ್ರ ಇಲ್ಲ. ಹ್ವಾದ್ರ ಮತ್ತ ಯಾವ ಸಾಲಿರಿ ಆಕಿಗೆ?"

ಅಮಾವಾಸ್ಯೆ ಆ ತಿಂಗಳ ಕೊನೆಗೇ ಇತ್ತು.

ಮಕ್ಕಳೆಲ್ಲ ಹೋದ ಮೇಲೆ ನಾನು ಹೇಳಿದೆ: "ಲೇ ಈಶಪ್ಪ, ಹುಡುಗಿಗೆ ವಯಸ್ಸು ಆಗೇತಂತ ಕುರುಡಗೂ ಗೊತ್ತಾಗತೈತಿ. ಹಚ್ಚಲೇ ಹೆಸರ."

"ಗವಿಸಿದ್ದ, ಹ್ವಾದ ವರ್ಷ ಗೌಡನ ಮೊಮ್ಮಗನ್ನ ಊರ ಮುಂದ ಕಳಿಸೀನಿ. ಇಕಿನ್ನ ಹಂಗ ತೊಗೊಂಡ್ರ, ನಾಳೆ ಗೌಡ ಯಾರನ್ನ ಎತ್ಕೊಂಡ ಬಂದ್ರೂ ಒಲ್ಲೆ ಅನ್ನಾಕ ನನಗ ಬಾಯಿ ಎಲ್ಲೈತಿ?"

"ಮತ್ತ ಏನ ಮಾಡಾಂವ?"

"ಕೂದಲ ತಗಸ್ತೀನಿ."

ನಾನು ನಕ್ಕೆ. ಆ ಕೂದಲು ಯಾಕೆ ಉಳಿದಿದೆ ಎಂಬುದು ಊರಿಗೆಲ್ಲ ಗೊತ್ತಿತ್ತು. ಜವಳ ತೆಗೆಯುವಾಗ ಮಗು ಸೋದರಮಾವನ ತೊಡೆಯ ಮೇಲೆ ಕೂರಬೇಕು. ತಾಯಿಯ ಅಣ್ಣನೋ ತಮ್ಮನೋ ಮೊದಲ ಎಸಳು ಕತ್ತರಿಸಬೇಕು, ಆಮೇಲೆ ಹಡಪದವನು ಬೋಳಿಸಬೇಕು. ಉಡಚವ್ವನ ಸೋದರಮಾವ ಹನಮಪ್ಪ ಇದ್ದದ್ದು ಆಚೆ ದಂಡೆಯ ಊರಿನಲ್ಲಿ. ಅವನಿಗೂ ಈ ಮನೆಗೂ ಮಾತಿರಲಿಲ್ಲ.

ಕಾರಣ ಹಳೆಯದು. ಸ್ವಾತಂತ್ರ್ಯ ಬಂದ ಹೊಸತು, ಉಡಚವ್ವನ ತೊಟ್ಟಿಲ ದಿನ. ಆಗ ಕಾಳಿನ ಕಂಟ್ರೋಲು ಇತ್ತು. ಒಂದು ಪ್ರಾಂತದ ಕಾಳು ಇನ್ನೊಂದು ಪ್ರಾಂತಕ್ಕೆ ದಾಟಕೂಡದು. ಹನಮಪ್ಪ ತಂಗಿಯ ಮನೆಗೆ ಅಕ್ಕಿಯ ಚೀಲ ಹೊತ್ತು ತಂದಿದ್ದ. ದಂಡೆಯಲ್ಲಿದ್ದ ಕಾವಲಿನವನು ಬಿಡಲಿಲ್ಲ. ಹನಮಪ್ಪ ಬೇಡಿಕೊಂಡ, ಜಗಳಾಡಿದ, ಕೊನೆಗೆ ಚೀಲವನ್ನು ತಿರುಗಿ ತನ್ನ ಮನೆಗೆ ಒಯ್ದಿಟ್ಟು ಬರುವಷ್ಟರಲ್ಲಿ ಈಚೆ ಕಡೆ ಊಟ ಮುಗಿದಿತ್ತು. ಮೂಕಪ್ಪನ ತಾಯಿ ಕರಿಯವ್ವ ಬಾಗಿಲಲ್ಲಿ ನಿಂತಿದ್ದಳು. "ಸೋದರಮಾವ ಬರೆಗೈಲೆ ಬಂದಾನ್ರೆವ್ವಾ" ಎಂದು ಒಳಗಿದ್ದವರಿಗೆ ಕೂಗಿ ಹೇಳಿದಳು. ಹನಮಪ್ಪ ಕಾಲು ಕೂಡ ತೊಳೆಯದೆ ತಿರುಗಿದ.

ಅಂದಿನಿಂದ ಅವನು ಮುಂಡರಗಿ ಸಂತೆಗೆ ಹೋಗುವುದೂ ಭಾವನ ಹರಿಗೋಲಿನಲ್ಲೇ, ಬರುವುದೂ ಅದರಲ್ಲೇ. ಬೇರೆ ಹರಿಗೋಲು ಇರಲಿಲ್ಲ. ಮೂಕಪ್ಪ ಹುಟ್ಟು ಹಾಕುವನು, ಹನಮಪ್ಪ ನೀರು ನೋಡುತ್ತ ಕೂರುವನು. ದಂಡೆಗೆ ಬಂದಾಗ ದುಡ್ಡನ್ನು ಕೈಗೆ ಕೊಡದೆ ಹರಿಗೋಲಿನ ಅಂಚಿನ ಮೇಲೆ ಇಟ್ಟು ಇಳಿಯುವನು. ಇಷ್ಟು ವರ್ಷ ಹೀಗೆಯೇ ನಡೆದಿತ್ತು. ಈಗ ಗಡಿ ಹೋಗಿತ್ತು, ಕಾವಲು ಹೋಗಿತ್ತು, ಕೂದಲು ಮಾತ್ರ ಹೋಗಿರಲಿಲ್ಲ.

ಮೊದಲ ರವಿವಾರವೇ ಈಶಪ್ಪ ನನ್ನನ್ನೂ ಎಳೆದುಕೊಂಡು ಹೊಳೆ ದಾಟಿದ. ಹನಮಪ್ಪ ಅಂಗಳದಲ್ಲಿ ಬಲೆ ಹೆಣೆಯುತ್ತಿದ್ದ. ಕೂರಲು ಕಂಬಳಿ ಹಾಕಿದ, ಚಹಾ ತರಿಸಿದ, ಮಾತು ಕೇಳಿದ.

"ಹುಡುಗಿ ಮ್ಯಾಲೆ ನನಗೇನ ಸಿಟ್ಟಿಲ್ರಿ ಮಾಸ್ತರ್ರ. ಬರೆಗೈ ಅಂದಾಕಿ ಆ ಮುದುಕಿ. ಆಕಿ ಬಂದು ಕರೀಲಿ. ಈಗಿಂದೀಗ ಬರ್ತೀನಿ."

ಈಚೆಗೆ ಬಂದು ಕರಿಯವ್ವನಿಗೆ ಹೇಳಿದೆವು. ಅವಳು ಒಲೆಯ ಮುಂದಿಂದ ಎದ್ದೂ ಬರಲಿಲ್ಲ.

"ನಾನ್ಯಾಕ ಕರೀಲೆಪಾ? ಮಾವಗ ಸೊಸಿ ಬೇಕಾಗಿದ್ರ ಬರ್ತಾನ. ಹೊಳಿ ಅಡ್ಡ ಐತೇನ ಅವಗ? ವಾರಕ್ಕೊಮ್ಮೆ ನಮ್ಮ ಹರಗೋಲದಾಗ ಕುಂಡ್ರತಾನ."

ಮನೆಗೆ ನಡೆಯುತ್ತ ಈಶಪ್ಪ, "ಗವಿಸಿದ್ದ, ಸೋದರಮಾವ ಇಲ್ಲದ ಕೂಸಿಗೆ ಏನ ಮಾಡ್ತಾರಲೇ?" ಎಂದ.

"ಯಾರರೆ ಆಕಿ ಅವ್ವಗ ಅಣ್ಣ ಆಗಿ ನಿಲ್ಲತಾರ. ತವರಿನ ಉಡಿ ತುಂಬಿಸಿದ್ರ ಆತು."

"ನಾ ನಿಂತ್ರ?"

ನಾನು ಅವನ ಮುಖ ನೋಡಿದೆ. ಚೇಷ್ಟೆ ಮಾಡುತ್ತಿರಲಿಲ್ಲ. ಹಾಗೆ ಅಣ್ಣನಾಗುವುದು ಒಂದು ದಿನದ ಕೆಲಸವಲ್ಲ. ಪಂಚಮಿಗೆ ಕರೆಯಬೇಕು, ಮದುವೆಯಲ್ಲಿ ಮುಂದೆ ನಿಲ್ಲಬೇಕು, ಕೊನೆಯವರೆಗೂ ಆ ಬಳಗ ಬಿಡುವಂತಿಲ್ಲ. ಅವನ ಹೆಂಡತಿ ಫಕ್ಕೀರವ್ವನಿಗೂ ಅದು ಗೊತ್ತಿತ್ತು. ರೊಟ್ಟಿ ಬಡಿಯುತ್ತಿದ್ದವಳು ಕೈ ನಿಲ್ಲಿಸಿ ಗಂಡನನ್ನು ನೋಡಿದಳು.

"ಅಲ್ರಿ, ನಿಮ್ಮ ಒಡಹುಟ್ಟಿದ ಮೂವರು ಅಕ್ಕತಂಗೇರಿಗೆ ಪಂಚಮಿ ಉಂಡಿ ಕಟ್ಟಿ ಕಟ್ಟಿ ನನ್ನ ಅಂಗೈ ಸವದಾವು. ಈಗ ನಾಕನೇದಾಕಿನ್ನ ಹುಡಿಕ್ಕೊಂಡ ಬಂದ್ರೇನು?"

"ಸಾಲಿ ಸಲುವಾಗಿ," ಎಂದ ಈಶಪ್ಪ.

"ಸಾಲಿಗೆ ಬರು ಕೂಸಿಗೆಲ್ಲ ನೀವ ಮಾವ ಆದ್ರ ಗದಗ ತನಕ ಬೀಗರಾಗ್ತಾರ."

ಇಷ್ಟು ಹೇಳಿ ರೊಟ್ಟಿ ಮುಗಿಸಿದಳು. ಮರುದಿನ ಪೆಟ್ಟಿಗೆಯಿಂದ ತಾನು ಹೊಲಿಸಿಕೊಳ್ಳದೆ ಇಟ್ಟಿದ್ದ ಗುಳೇದಗುಡ್ಡದ ಕುಪ್ಪಸದ ಖಣ ತೆಗೆದು, ಕೊಬ್ಬರಿ, ಉತ್ತತ್ತಿ, ಅಕ್ಕಿ ಕಟ್ಟಿಕೊಂಡು ತಾನೇ ಮುಂದಾಗಿ ಹೊಳೆಯ ದಂಡೆಯ ಆ ಗುಡಿಸಲಿಗೆ ನಡೆದಳು. ಅಮೃತವ್ವನ ಉಡಿ ತುಂಬಿದಳು. ಅಮೃತವ್ವ ಉಡಿ ಕಟ್ಟಿಕೊಂಡು ಅತ್ತಿಗೆಯ ಕಾಲಿಗೆ ಬಗ್ಗಿದಾಗ ಕರಿಯವ್ವ ಮುಖ ತಿರುಗಿಸಿಕೊಂಡು ಮೂಗು ಒರೆಸಿಕೊಂಡಳು. ಅಮಾವಾಸ್ಯೆಗೆ ಮುಂಚಿನ ಗುರುವಾರ ಜವಳ ಎಂದು ಗೊತ್ತುಮಾಡಿದರು.

ಸುದ್ದಿ ಹೊಳೆ ದಾಟುತ್ತದೆ ಎಂದು ಈಶಪ್ಪ ಲೆಕ್ಕ ಹಾಕಿದ್ದನೇ ಎಂದು ಎಷ್ಟೋ ಜನ ನನ್ನನ್ನು ಕೇಳಿದ್ದಾರೆ. ಇಲ್ಲ. ಅವನು ಮಾವನಾಗಲೆಂದೇ ಹೊರಟಿದ್ದ. ಹಿಂದಿನ ದಿನ ನನ್ನ ಕೂದಲನ್ನೇ ಒಂದೆರಡು ಎಳೆ ಕತ್ತರಿಸಿ ಕತ್ತರಿಯ ಬಾಯಿ ನೋಡಿಕೊಂಡಿದ್ದ.

ಗುರುವಾರ ಬೆಳಿಗ್ಗೆ ದಂಡೆಯ ಮೇಲೆ ಕಂಬಳಿ ಹಾಸಿ ಈಶಪ್ಪನನ್ನು ಕೂರಿಸಿದರು. ಮಲೆನಾಡಿನ ಮಳೆಗೆ ಹೊಳೆಯಲ್ಲಿ ಕೆಂಪು ನೀರು ಬರಲು ಶುರುವಾಗಿತ್ತು. ಮೂಕಪ್ಪ ಹರಿಗೋಲನ್ನು ಕಟ್ಟಿ ಮಡಿ ಉಟ್ಟು ನಿಂತಿದ್ದ. ಹಡಪದವನು ಕತ್ತಿ ಮಸೆಯುತ್ತಿದ್ದ. ಉಡಚವ್ವ ಹೊಸ ಪರಕಾರ ಉಟ್ಟು ಈಶಪ್ಪನ ತೊಡೆಯ ಮೇಲೆ ಕೂತಿದ್ದಳು. ಅವಳ ಪಾಟಿಯೂ ಅವಳ ತೊಡೆಯ ಮೇಲೇ ಇತ್ತು. ಇಟ್ಟು ಬಾ ಎಂದರೆ ಕೇಳಿರಲಿಲ್ಲ. ಈಶಪ್ಪ ಕತ್ತರಿ ಎತ್ತಿಕೊಂಡ.

ಆಚೆ ದಂಡೆಯಲ್ಲಿ ಒಬ್ಬ ಮನುಷ್ಯ ರುಮಾಲು ಬಿಚ್ಚಿ ಬೀಸುತ್ತಿದ್ದ. ನೀರಿನ ಸದ್ದಿನಲ್ಲಿ ಕೂಗು ಕೇಳುತ್ತಿರಲಿಲ್ಲ. ಕಾಲ ಬಳಿ ಒಂದು ಚೀಲ ಇತ್ತು.

ಎಲ್ಲರಿಗೂ ಯಾರೆಂದು ತಿಳಿಯಿತು. ಮೂಕಪ್ಪ ಹರಿಗೋಲು ನೋಡಿದ, ತಾಯಿಯನ್ನು ನೋಡಿದ. ಅಮೃತವ್ವ ನೆಲ ನೋಡುತ್ತಿದ್ದಳು. ಈಶಪ್ಪ ಕತ್ತರಿಯನ್ನು ಗಾಳಿಯಲ್ಲೇ ಹಿಡಿದು ಕೂತಿದ್ದ. ಕರಿಯವ್ವ ಕಣ್ಣಿಗೆ ಕೈ ಮರೆ ಮಾಡಿ ಆಚೆ ನೋಡಿದಳು, ಬಹಳ ಹೊತ್ತು ನೋಡಿದಳು.

"ನನ್ನ ಮಾರಿ ಏನ ನೋಡತಿ?" ಎಂದಳು ಮಗನಿಗೆ. "ಗಿರಾಕಿ ನಿಂತಾನ. ನಿನ್ನ ಕೆಲಸ ನೀ ಮಾಡು."

ಮೂಕಪ್ಪ ಮಡಿಯಲ್ಲೇ ಹರಿಗೋಲಿಗೆ ಹಾರಿದ. ಅಷ್ಟು ಜಲ್ದಿ ಅವನು ಹುಟ್ಟು ಹಾಕಿದ್ದನ್ನು ನಾನು ಕಂಡಿಲ್ಲ. ತಿರುಗಿ ಬಂದಾಗ ಹನಮಪ್ಪ ದುಡ್ಡನ್ನು ಹರಿಗೋಲಿನ ಅಂಚಿನ ಮೇಲೆ ಇಡಹೋದ. ಮೂಕಪ್ಪ ಅದನ್ನು ಎತ್ತಿ ಅವನ ಕಿಸೆಗೆ ತುರುಕಿದ. ಹನಮಪ್ಪ ಚೀಲವನ್ನು ಹೆಗಲ ಮೇಲೆ ಹೊತ್ತುಕೊಂಡು ಬಂದು ಕರಿಯವ್ವನ ಪಾದದ ಮುಂದೆ ಇಳಿಸಿದ.

"ಅಕ್ಕಿ. ಅವತ್ತ ತಡದಿದ್ರು. ಈಗ ತಡಿಯಾವ್ರು ಯಾರೂ ಇಲ್ಲ."

ಕರಿಯವ್ವ ಚೀಲದ ಬಾಯಿ ಬಿಚ್ಚಿ ಒಂದು ಹಿಡಿ ತೆಗೆದು ನೋಡಿದಳು. "ನುಚ್ಚ ಬಾಳ ಐತಿ," ಎಂದಳು. ಆಮೇಲೆ, "ಕಾಲ ತೊಳ್ಕೊ ಹೋಗಪಾ, ಹೊತ್ತಾಗೇತಿ," ಎಂದಳು.

ಕಾಲು ತೊಳೆದು ಬಂದ ಹನಮಪ್ಪ ಈಶಪ್ಪನ ಎದುರಿಗೆ ನಿಂತ. "ಏಳ್ರಿ ಮಾಸ್ತರ್ರ. ಅದು ನನ್ನ ತೊಡಿ ಮ್ಯಾಲೆ ಕುಂಡ್ರು ಕೂಸು."

ಏಳುವನೆಂದು ನಾವೆಲ್ಲ ತಿಳಿದೆವು. ಈಶಪ್ಪ ಏಳಲಿಲ್ಲ. "ನನ್ನ ಹೇಣ್ತಿ ಖಣ ಕೊಟ್ಟು ಉಡಿ ತುಂಬ್ಯಾಳ. ಈಗ ಎದ್ರ ಆಕಿ ನನ್ನ ಮನಿಯೊಳಗ ಕರಕೊಳ್ಳಂಗಿಲ್ಲ."

"ನಾ ಒಡಹುಟ್ಟಿದಾಂವ."

"ಖರೆ ಐತಿ. ನೀ ಹಿರೇ ಮಾವ. ಸರದ ಕುಂಡ್ರತೀನಿ, ಬಾ."

ಇಬ್ಬರೂ ಒಂದೇ ಕಂಬಳಿಯ ಮೇಲೆ ಕೂತರು. ಹುಡುಗಿಯ ಒಂದು ಕಾಲು ಇವನ ಮೇಲೆ, ಒಂದು ಕಾಲು ಅವನ ಮೇಲೆ. ಯಾರು ಮೊದಲು ಎಂದು ಮತ್ತೆ ಮಾತು ಬೆಳೆಯಿತು. ಹಡಪದವನು ಕತ್ತಿ ಹಿಡಿದು ಕಾದ.

"ಯಾರರ ಮಾಡ್ರಿ," ಎಂದಳು ಉಡಚವ್ವ. "ಸಾಲಿ ಗಂಟಿ ಆಗತೈತಿ."

ಹನಮಪ್ಪ ಬಲಗಡೆಯ ಎಸಳು ತೆಗೆದ, ಈಶಪ್ಪ ಎಡಗಡೆಯದು. ಕೂದಲು ಕೆಂಪು ನೀರಿನಲ್ಲಿ ತೇಲಿ ಹೋಯಿತು. ಅಲ್ಲಿಂದ ಎಲ್ಲರೂ ನೆಟ್ಟಗೆ ಬೇವಿನ ಮರದ ಕೆಳಗೆ ಬಂದೆವು. ಗೌಡರನ್ನು ಈಶಪ್ಪ ಹೇಳಿ ಕಳಿಸಿ ಕರೆಸಿದ್ದ. ಉಡಚವ್ವ ಕೈ ಎತ್ತಿದಳು. ಆ ಎಳೆಯ ಬೋಳು ತಲೆಯ ಮೇಲೆ ಕೈ ಜಾರಿ ಕಿವಿಯನ್ನು ದಾಟಿ ಕೆನ್ನೆಗೆ ಬಂತು.

"ದಾಟೇ ಬಿಟ್ಟಳಲ್ರಿ ಮಾಸ್ತರ್ರ," ಎಂದರು ಗೌಡರು. "ಎರಡನೇ ಇಯತ್ತೆಗೆ ಹಾಕ್ರಿ."

ಅಮಾವಾಸ್ಯೆಗೆ ಬಂದ ಸೋದರತ್ತೆ ಮಣ್ಣೆತ್ತು ನೋಡಿ, ಹೋಳಿಗೆ ಉಂಡು, ಒಬ್ಬಳೇ ತನ್ನೂರಿಗೆ ಹೋದಳು.

ಮರುವಾರ ಹುಡುಗಿ ಶಾಲೆಗೆ ಬರಲಿಲ್ಲ. ಹುಡುಗರು ಬೋಳಿ ಬೋಳಿ ಎಂದು ಕೂಗಿದ್ದರು. ಈಶಪ್ಪ ಮನೆಗೆ ಹೋಗಿ, ಮೂಲೆಯಲ್ಲಿ ಕೂತಿದ್ದವಳ ತಲೆಯ ಮೇಲೆ ತನ್ನ ಟೊಪ್ಪಿಗೆ ಇಟ್ಟು ಕೈ ಹಿಡಿದು ಕರೆತಂದ. ಅದು ಅವಳ ಹುಬ್ಬಿನ ತನಕ ಇಳಿಯುತ್ತಿತ್ತು. ಮಾಸ್ತರರ ಟೊಪ್ಪಿಗೆ ಹಾಕಿಕೊಂಡವಳನ್ನು ಅಣಕಿಸಲು ಯಾರಿಗೂ ಧೈರ್ಯ ಬರಲಿಲ್ಲ. ಕೂದಲು ಬೆಳೆದ ಮೇಲೂ ಅವಳು ಅದನ್ನು ಕೊಡಲೊಲ್ಲಳು. ಇವನು ಆ ವರ್ಷವೆಲ್ಲ ಹೊಸದು ಹೊಲಿಸಿಕೊಳ್ಳಲಿಲ್ಲ. ಶಾಲೆ ನೋಡಲು ಬಂದ ಸಾಹೇಬರು, "ಏನ್ರಿ ಮಾಸ್ತರ್ರ, ಟೊಪಿಗಿ ಎಲ್ಲಿ?" ಎಂದು ಕೇಳಿದರು.

"ಒಂದನೇ ಇಯತ್ತೆದಾಗ ಕುಂತೈತ್ರಿ ಸಾಹೇಬ್ರ," ಎಂದ. "ಬಾಳ ಹುಷಾರ ಐತಿ."

ಉಡಚವ್ವ ಏಳನೆಯ ಇಯತ್ತೆಯವರೆಗೆ ಓದಿದಳು. ಅವಳ ಮದುವೆಯಲ್ಲಿ ಇಬ್ಬರು ಸೋದರಮಾವಂದಿರು ನಿಂತರು, ಅಲ್ಲಿಯೂ ಯಾರು ಮುಂದೆ ಎಂದು ಜಗಳಾಡಿದರು. ಆಮೇಲೆ ಊರ ಅಂಗನವಾಡಿಯಲ್ಲಿ ಕೆಲಸಕ್ಕೆ ಸೇರಿ, ಜೂನ್ ಬಂದಾಗಲೆಲ್ಲ ಅಲ್ಲಿಯ ಮಕ್ಕಳನ್ನು ಸಾಲಾಗಿ ಶಾಲೆಗೆ ಬಿಟ್ಟು ಬರುತ್ತಿದ್ದಳು. ಫಕ್ಕೀರವ್ವ ಇರುವ ತನಕ ನಾಲ್ಕನೆಯ ನಾದಿನಿಗೂ ಪಂಚಮಿಯ ಉಂಡಿ ಹೋಯಿತು. ಹೊಳೆಗೆ ಸೇತುವೆ ಬಂತು, ಹರಿಗೋಲು ದಂಡೆಯ ಮೇಲೆ ಬೋರಲಾಯಿತು. ಹುಟ್ಟಿದ ತಾರೀಖಿನ ಕಾಗದ ಬಂದ ಮೇಲೆ ಕಿವಿ ಮುಟ್ಟಿಸುವುದೂ ನಿಂತಿತು.

ಈಶಪ್ಪನಿಗೆ ಲಕ್ವಾ ಹೊಡೆದದ್ದು ಎರಡು ವರ್ಷದ ಹಿಂದೆ. ಮುಂಡರಗಿಯಲ್ಲಿ ಮಗಳ ಮನೆಯಲ್ಲಿದ್ದ. ಬಲಗೈ ಏಳುತ್ತಿರಲಿಲ್ಲ. ಡಾಕ್ಟರು ಕೈ ಆಡಿಸಲು ಹೇಳಿದ್ದರು. ಮಗಳು ಹೇಳಿದರೆ ಕೇಳುತ್ತಿರಲಿಲ್ಲ, ನಾನು ಹೇಳಿದರೆ ಬಯ್ಯುತ್ತಿದ್ದ. ಉಡಚವ್ವ ಬಸ್ಸಿನಲ್ಲಿ ಬರುವಳು. ತಲೆ ನೆರೆತ ಹೆಂಗಸು, ಮೊಮ್ಮಕ್ಕಳನ್ನು ಕಂಡವಳು. ಬಂದವಳೇ ಮಂಚದ ಮೇಲೆ ಕೂತು, "ಮಾಮಾ, ಕಿವಿ ಮುಟ್ಟು," ಎನ್ನುವಳು. ಅವನು ಎಳೆಯ ಮಗುವಿನ ಹಾಗೆ ಹಲ್ಲು ಕಚ್ಚಿ ಕೈ ಎತ್ತುವನು. ಎದೆಯ ತನಕ ಬರುವುದು, ಗದ್ದದ ತನಕ ಬರುವುದು.

"ಆಗವಲ್ದು ಬೇ. ಬರು ವರ್ಷ ನೋಡೂಣು."

"ಅದೆಲ್ಲಾ ನಡಿಯಂಗಿಲ್ಲ. ಎತ್ತು."

ಈ ಮೇ ತಿಂಗಳ ಕೊನೆಗೆ ನಾನು ಅಲ್ಲಿದ್ದಾಗ ಅವಳು ಬಂದಳು. ಅವನು ತೀರ ಸೋತಿದ್ದ, ಕೈ ಎತ್ತುವ ಯತ್ನವನ್ನೂ ಮಾಡಲಿಲ್ಲ. ಶಾಲೆ ಯಾವಾಗ ತೆರೆಯುತ್ತದೆ ಎಂದು ಕೇಳಿದ. ನಾಳೆ ಎಂದಳು. ಆಮೇಲೆ ಅವನ ಬಲಗೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದು, ಮೆಲ್ಲಗೆ ಎತ್ತಿ, ಕೂದಲಿಲ್ಲದ ಆ ನೆತ್ತಿಯ ಮೇಲಿಂದ ತಂದು, ಬೆರಳನ್ನು ಎಡಗಿವಿಗೆ ಮುಟ್ಟಿಸಿದಳು.

ಈಶಪ್ಪ ನನ್ನ ಕಡೆ ನೋಡಿದ. "ಗವಿಸಿದ್ದ, ಕೈ ಹಚ್ಚಿ ಮುಟ್ಟಿಸ್ಯಾಳಲೇ. ಇದು ನಡಿಯಂಗಿಲ್ಲ."

"ನಡಿತೈತಿ," ಎಂದಳು ಉಡಚವ್ವ. "ಮುಟ್ಟೇತಿ. ನಾಳಿಂದ ಬಾ."